ಮೂರನೇ ಮಹಡಿಯ ಬಾಲ್ಕನಿ

ಮೈಸೂರಿನ ಜಬೀವುಲ್ಲಾ ಮ್ಯಾನ್‌ಹಟನ್ನಿನ ಆರ್ಕಿಟೆಕ್ಟ್ ಕಚೇರಿಯೊಂದರಲ್ಲಿ ಕಟ್ಟಡಗಳ ಪುಟ್ಟ ಮಾದರಿಗಳನ್ನು ಮಾಡುತ್ತಿದ್ದ. ೨೦೦೯ರಲ್ಲಿ ಕಚೇರಿ ಮುಚ್ಚಿದಾಗ, ಎಸೆಯಬೇಕಾಗಿದ್ದ ಕೊನೆಯ ಮಾದರಿಯನ್ನು ಹ್ಯಾರಿಸನ್ ಊರಿನ ತನ್ನ ಮನೆಗೆ ತಂದು ಊಟದ ಮೇಜಿನ ಮೇಲಿಟ್ಟ. ಅದು ಐವತ್ತರ ದಶಕದಲ್ಲಿ ಅಥೆನ್ಸಿನಲ್ಲಿ ಕಟ್ಟಿದ ಅಪಾರ್ಟ್‌ಮೆಂಟೊಂದರ ಮಾದರಿ. ಅಲಂಕಾರವಿಲ್ಲದ ಬಿಳಿ ಗೋಡೆ, ಪ್ರತಿ ಮಹಡಿಯುದ್ದಕ್ಕೂ ಬಾಲ್ಕನಿ, ಬಿಸಿಲಿಗೆ ಅಡ್ಡವಾಗಿ ಇಳಿಬಿಟ್ಟ ಕ್ಯಾನ್ವಾಸ್ ಪರದೆ. ಆ ಕಟ್ಟಡವನ್ನು ದುರಸ್ತಿ ಮಾಡಿಸಲು ಹೊರಟಿದ್ದ ಎಲೆನಿ ಎಂಬ ಗ್ರೀಕ್ ಅಜ್ಜಿಯ ಆಸೆಯೂ ಕಚೇರಿ ಮುಚ್ಚಿದ್ದರಿಂದ ಅಲ್ಲಿಗೇ ನಿಂತಿತ್ತು. ಕೆಲಸ ಹೋದದ್ದಕ್ಕೆ ಅವನಿಗೆ ದುಃಖವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಸುಮ್ಮನೆ ಮಾದರಿಯ ಮುಂದೆ ಕೂತಿರುತ್ತಿದ್ದ.

“ಇದನ್ನ ನೋಡ್ತಾ ಕೂತ್ರೆ ಆಯ್ತಾ? ಆ ಅಜ್ಜಿಗೆ ಕಾಲ್ ಮಾಡಿ, ಬಂದು ತಗೊಂಡ್ಹೋಗ್ಲಿ,” ಎಂದಳು ಹೆಂಡತಿ ನಾಝಿಮಾ.

ಎಲೆನಿ ಮಗನ ಜೊತೆ ಬಂದಳು. ಕೋಟನ್ನೂ ತೆಗೆಯದೆ ಬಗ್ಗಿ, ಮೂರನೇ ಮಹಡಿಯ ಬಾಲ್ಕನಿಯನ್ನು ಬೆರಳಿಂದ ಮುಟ್ಟಿದಳು. ಬೇಸಿಗೆಯಲ್ಲಿ ಅವಳಮ್ಮ ಅಲ್ಲೇ ಹಾಸಿಕೊಂಡು ಮಲಗುತ್ತಿದ್ದಳಂತೆ. ಹೇಳುತ್ತ ಹೇಳುತ್ತ ಬಿಕ್ಕಿ ಅತ್ತಳು. ನಾಝಿಮಾಳ ಕಣ್ಣೂ ತುಂಬಿತು. ಜಬೀವುಲ್ಲಾ ಟಿಶ್ಯೂ ತಂದುಕೊಟ್ಟು, ಯಾರದೋ ಮನೆಗೆ ಬಂದವನಂತೆ ಗೋಡೆಗೊರಗಿ ನಿಂತ.

ಮಾದರಿ ವ್ಯಾನ್ ಹತ್ತಿತು. ನಾಝಿಮಾ ಮೇಜು ಒರೆಸಿ ಅನ್ನ ಸಾರು ಬಡಿಸಿದಳು.

“ಖಾರ ಜಾಸ್ತಿ ಆಯ್ತಾ?”

“ಗೊತ್ತಾಗ್ಲಿಲ್ಲ,” ಎಂದು ಅವನು ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡ.