ಪಳನಿಯಣ್ಣನಿಗೆ ಹೇಗೆ ಗೊತ್ತಾಯಿತು?

ನಾನು ಕಾನ್ವೆಂಟಿನಲ್ಲಿ ಓದಿದವಳು. ಹಲ್ಲಿ ಲೊಚಗುಟ್ಟಿದರೆ ಮಾತು ನಿಲ್ಲಿಸಿ ನೆಲ ಕುಟ್ಟುವ ನಮ್ಮತ್ತೆಯನ್ನು ಕಂಡು ಒಳಗೊಳಗೇ ನಗುತ್ತಿದ್ದೆ. ಈಗ ಹೇಳುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಖಂಡಿತ ನಂಬುತ್ತಿರಲಿಲ್ಲ. ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಅತ್ತೆಯವರ ಕಾಲಿನ ಹುಣ್ಣು ಕೀವು ತುಂಬಿದಾಗ, ಅವರನ್ನು ಬಂಗಾರಪೇಟೆಯಿಂದ ಉರಿಗಾಂ ಕಡೆಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದೆವು. ಜೊತೆಗೆ ನಾನಿದ್ದೆ. ವರಾಂಡದಲ್ಲಿ ನಿಂತರೆ ಹಿತ್ತಲಿನ ಕೊಳಚೆ ನೀರು ಶುದ್ಧ ಮಾಡುವ ತೊಟ್ಟಿ ಕಾಣುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಪಳನಿಯಣ್ಣ. ದಿನಾ ಬೆಳಿಗ್ಗೆ ಗಾಜಿನ ಜಾಡಿಯಲ್ಲಿ ಆ ಕಂದು ನೀರು ತುಂಬಿಟ್ಟು, ಬಗ್ಗಡ ತಳಕ್ಕಿಳಿಯುವವರೆಗೂ ಕದಲದೆ ನೋಡುತ್ತಿದ್ದರು. ನೀರನ್ನು ತಿಳಿ ಮಾಡುವುದು ಅದರೊಳಗಿನ ಕಣ್ಣಿಗೆ ಕಾಣದ ಜೀವಿಗಳಂತೆ. ಕೋಲಾರದ ಒಂದು ತೊಟ್ಟಿಯಿಂದ ಬಕೆಟ್ಟಿನಲ್ಲಿ ಆ ಜೀವಿಗಳ ‘ಹೆಪ್ಪು’ ತಂದು, ರೋಗಿಗಳು ಕಡಿಮೆಯಾಗಿ ಅವಕ್ಕೆ ಹೊಟ್ಟೆಗಿಲ್ಲದ ದಿನ ಬೆಲ್ಲದ ನೀರು ಹುಯ್ದು ಸಾಕಿದ್ದರು.

“ಸಂಬಳ ಕೇಳದ ಕೆಲಸದೋರಮ್ಮಾ ಇವು,” ಎಂದು ನಗುತ್ತಿದ್ದರು. “ಕಾಯಿಲೆ ಹುಳ ಸಾಯ್ಸೋ ಮಾತ್ರೆ ಬಿದ್ರೆ ಮಾತ್ರ ಇವೂ ಸಾಯ್ತವೆ. ಆಮೇಲೆ ಕೊಳಕು ನೀರು ಅಂಗೇ ಕೆರೆಗೆ. ಅಲ್ಲಿ ನಮ್ಮೋರ ಎಮ್ಮೆ ಕುಡೀತವೆ.”

ಡಿಸ್ಚಾರ್ಜ್ ದಿನ ಮಧ್ಯಾಹ್ನ ಅತ್ತೆ, “ಮಿಕ್ಕಿದ ಮಾತ್ರೆ ಮನೆಗ್ ತಂದ್ರೆ ಕಾಯಿಲೇನೂ ಬೆನ್ನಿಂದೇನೇ ಬತ್ತದೆ ಕಣಮ್ಮ, ಇಲ್ಲೇ ಬಿಸಾಕು” ಎಂದರು. ಕೀವಿಗೆ ಕೊಟ್ಟಿದ್ದ ಮಾತ್ರೆಗಳು. ನಾನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಕಮೋಡಿಗೆ ಹಾಕಿ ನೀರು ಬಿಟ್ಟೆ. ನರ್ಸ್ ಬೈದಾಳೆಂದು ಮಾತ್ರೆಯ ಖಾಲಿ ಪಟ್ಟಿಯನ್ನು ಪರ್ಸಿನೊಳಗಿಟ್ಟೆ. ಪಳನಿಯಣ್ಣನ ಮಾತು ಆಗ ನೆನಪಿಗೇ ಬರಲಿಲ್ಲ, ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಕೈ ಒರೆಸಿಕೊಂಡು ಹೊರಬಂದರೆ ರೂಮಿನ ಬಾಗಿಲಲ್ಲಿ ಪಳನಿಯಣ್ಣ! ಏದುಸಿರು ಬಿಡುತ್ತಿದ್ದರು.

“ಅನ್ನೊಂದು ಮಾತ್ರೆ ಹಾಕಿದ್ರಲ್ಲಮ್ಮಾ. ಏನ್ ಮಾತ್ರೆ ಅದು?”

ನಾನು ಎಣಿಸಿಯೇ ಇರಲಿಲ್ಲ. ಪಟ್ಟಿ ತೆಗೆದು ಖಾಲಿ ಗುಳಿಗಳನ್ನು ಎಣಿಸಿದೆ. ಅಲ್ಲಿದ್ದಷ್ಟು ದಿನ ಅತ್ತೆ ನುಂಗಿದ್ದನ್ನು ಕಳೆದರೆ ಸರಿಯಾಗಿ ಹನ್ನೊಂದು.

ಪಳನಿಯಣ್ಣ ಪಟ್ಟಿಯ ಮೇಲಿನ ಹೆಸರು ಓದಿ, ಒಂದೇ ಒಂದು ಬೈಗುಳ ಆಡದೆ ಓಡಿದರು. ರೂಮುಗಳ ನೀರು ಮೊದಲು ಒಂದು ಗುಂಡಿಗೆ ಬಂದು, ಸಂಜೆ ಪಂಪು ಹಾಕಿದ ಮೇಲೆ ತೊಟ್ಟಿಗೆ ಹೋಗುತ್ತದೆ. ಅಂದರೆ ಮಾತ್ರೆ ಬಿದ್ದ ನೀರು ಆಗಿನ್ನೂ ತೊಟ್ಟಿಗೆ ಒಂದು ಹನಿಯೂ ಮುಟ್ಟಿರಲಿಲ್ಲ. ಆ ಬಿಸಿಲಿನಲ್ಲಿ ಗುಂಡಿಯ ನೀರನ್ನೆಲ್ಲ ಬಕೆಟ್ ಬಕೆಟ್ಟಾಗಿ ಡ್ರಮ್ಮುಗಳಿಗೆ ಎತ್ತಿ ತುಂಬಿದರು. ನಾನು ಸೆರಗು ಸಿಕ್ಕಿಸಿ ಹೋದರೆ, “ನೀವು ಮುಟ್ಬೇಡಿ, ಓಗಿ” ಎಂದು ಕಳಿಸಿದರು. ಐವತ್ತು ದಾಟಿದ ಮನುಷ್ಯ. ಸಂಜೆ ನಾವು ಹೊರಡುವಾಗ ತೊಟ್ಟಿ ಎಂದಿನಂತೆ ಅನ್ನ ಕುದಿಯುವ ಹಾಗೆ ಗುಳಗುಳ ಎನ್ನುತ್ತಿತ್ತು. ಪಕ್ಕದಲ್ಲಿ ಅವರು ಅಂಗೈಯ ಬೊಬ್ಬೆಗೆ ಉಫ್ ಎಂದು ಊದಿಕೊಳ್ಳುತ್ತಾ ಕೂತಿದ್ದರು.

“ನಿಮಗೆ ಹೇಗೆ ಗೊತ್ತಾಯಿತಣ್ಣಾ?”

“ತೆರಿಯಲೆಮ್ಮಾ, ನಂಗೂ ಗೊತ್ತಿಲ್ಲ. ಬೆನ್ನು ಜುಂ ಅಂತು. ಓಡಿಬಂದೆ.”

ನಮ್ಮ ಯಜಮಾನರು, ಕಿಟಕಿಯಿಂದ ನೋಡಿರಬೇಕು ಬಿಡು ಎನ್ನುತ್ತಾರೆ. ಆ ಬಾತ್‌ರೂಮಿಗೆ ಕಿಟಕಿಯೇ ಇರಲಿಲ್ಲ. ಅಷ್ಟು ಅಕ್ಕರೆಯಿಂದ ಸಾಕಿದವರಿಗೆ ಹಾಗೆ ತಿಳಿಯುತ್ತದೋ ಏನೋ, ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.