ನಾನೂ ಓದಿರದ ಕರಾರುಪತ್ರ

ಬನಹಟ್ಟಿಯಲ್ಲಿ ನಮ್ಮದೊಂದು ಶೆಡ್ಡಿತ್ತು. ಯಜಮಾನರು ತೀರಿಕೊಂಡ ಮೇಲೆ ಅದನ್ನು ಒಬ್ಬ ನೇಕಾರನಿಗೆ ಬಾಡಿಗೆಗೆ ಕೊಟ್ಟೆ. ಅವನು ನಾಲ್ಕು ಪವರ್‌ಲೂಮ್ ಹಾಕಿ, ಹೆಂಡತಿಯ ಜೊತೆ ಸೀರೆ ನೇಯುತ್ತಿದ್ದ. ಏಳು ವರ್ಷ ನಮ್ಮ ನಡುವೆ ಒಂದು ತಕರಾರಿನ ಮಾತೂ ಬರಲಿಲ್ಲ. ಆಮೇಲೆ ಮುಧೋಳದಲ್ಲಿದ್ದ ನನ್ನ ತಂಗಿಗೆ ಇರಲು ಜಾಗ ಬೇಕಾಯಿತು. ಶೆಡ್ಡನ್ನು ಎರಡು ಕೋಣೆ ಮಾಡಿಸಿ ಅವಳಿಗೆ ಕೊಡೋಣವೆಂದು ಅವನಿಗೆ ಬಿಡಲು ಹೇಳಿದೆ. ಮಗ್ಗ ಎತ್ತಿಕೊಂಡು ಎಲ್ಲಿಗೆ ಹೋಗಲಿ ಎಂದು ಅವನು ಕೂತುಬಿಟ್ಟ. ನಾನು ವಕೀಲರನ್ನು ಹಿಡಿದು ಅಲ್ಲಿನ ಕೋರ್ಟಿಗೆ ಹೋದೆ, ಅವನೂ ವಕೀಲರನ್ನು ಹಿಡಿದ.

ವರ್ಷದೊಳಗೆ ಅವನಿಗೆ ರಬಕವಿಯಲ್ಲಿ ಜಾಗ ಸಿಕ್ಕು ಶೆಡ್ಡು ಖಾಲಿಯಾಯಿತು. ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಕರಾರುಪತ್ರದ ಕೊನೆಯಲ್ಲಿ ಒಂದು ಸಾಲಿತ್ತು: ತಕರಾರು ಕೋರ್ಟಿಗೆ ಹೋದರೆ ಮಾಲೀಕರ ವಕೀಲರ ಫೀಯನ್ನು ಬಾಡಿಗೆದಾರನೇ ಕೊಡತಕ್ಕದ್ದು. ಅದನ್ನು ಬಿಡಬಾರದು ಎಂದರು ನಮ್ಮ ವಕೀಲರು. ನಾನೂ ಹೂಂ ಅಂದೆ. ಆ ಫೀಗಾಗಿ ಮತ್ತೆ ಎರಡು ವರ್ಷ, ಮೊಣಕಾಲು ಹಿಡಿದುಕೊಂಡು, ನಾನಿರುವ ಜಮಖಂಡಿಯಿಂದ ಬನಹಟ್ಟಿ ಕೋರ್ಟಿಗೆ ಬಸ್ಸು ಹತ್ತಿದೆ. ಒಂದು ತಾರೀಖಿಗೆ ಅವನ ವಕೀಲರು ಬರುತ್ತಿರಲಿಲ್ಲ, ಇನ್ನೊಂದಕ್ಕೆ ನಮ್ಮವರು. ಕೋರ್ಟಿನ ಹೊರಗೆ ಇದ್ದದ್ದು ಒಂದೇ ಬೆಂಚು. ಆ ತುದಿಗೆ ಅವನು, ಈ ತುದಿಗೆ ನಾನು. ಫೀ ಕೇಳುವ ಕೇಸಿಗೂ ಫೀ ಏರುತ್ತಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಕೊನೆಗೊಂದು ದಿನ ನನ್ನನ್ನು ಸಾಕ್ಷಿ ಹೇಳಲು ಕರೆದರು. ಅವನ ವಕೀಲರು ಕರಾರುಪತ್ರ ತೋರಿಸಿ, ಸಹಿಯ ದಿನ ಇದನ್ನು ಅವನಿಗೆ ಓದಿ ಹೇಳಿದ್ದಿರಾ ಎಂದು ಕೇಳಿದರು. ಹೌದು ಅನ್ನಿ ಎಂದು ನಮ್ಮ ವಕೀಲರು ಮೊದಲೇ ಹೇಳಿಕೊಟ್ಟಿದ್ದರು.

ನನಗೆ ಆ ದಿನ ನೆನಪಾಯಿತು. ಟೈಪಿಂಗ್ ಅಂಗಡಿಯ ಮುಂದೆ ನಿಂತು ಅವನು, "ಇದರಾಗ ಏನ್ ಬರದಾರ್ರೀ ಅಕ್ಕೋರ?" ಎಂದು ಕೇಳಿದ್ದ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು ಅವನು. ನಾನು ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳು. ಬಸ್ಸಿಗೆ ಹೊತ್ತಾಗಿತ್ತು. "ಎಲ್ಲಾರೂ ಬರಸೋದ ಅದ ತಮ್ಮಾ, ಸಹಿ ಮಾಡು," ಅಂದಿದ್ದೆ. ಟೈಪಿನವನು ಹಳೆಯ ನಮೂನೆ ನೋಡಿ ಹೊಡೆದುಕೊಟ್ಟ ಕಾಗದ ಅದು.

"ಓದಿ ಹೇಳಿಲ್ರೀ. ನಾನೂ ಓದಿದ್ದಿಲ್ಲ," ಎಂದೆ.

ನಮ್ಮ ವಕೀಲರು ತಲೆ ತಗ್ಗಿಸಿ ಕಾಗದ ಜೋಡಿಸತೊಡಗಿದರು. ರಾಜಿಯಾಗುವುದು ಒಳ್ಳೆಯದು ಎಂದರು ನ್ಯಾಯಾಧೀಶರು. ಅವರವರ ವಕೀಲರ ಫೀ ಅವರವರದೇ ಎಂದು ಮುಂದಿನ ತಾರೀಖಿಗೆ ಬರೆದುಕೊಟ್ಟೆವು.

ಹೊರಗೆ ಬಂದಾಗ ಅವನು, "ಹೌದಂದಿದ್ರ ಗೆಲ್ತಿದ್ರಿ ಅಕ್ಕೋರ," ಎಂದ.

"ಸಾಕಾಗೇತಿ ತಮ್ಮಾ," ಎಂದೆ.

ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಮೊದಲಿನ ಸಲಿಗೆಯೂ ಇರಲಿಲ್ಲ. ಇವತ್ತಿನ ನೇಯ್ಗೆ ಕೆಟ್ಟಿತು ಎಂದು ಹೇಳಿ ರಬಕವಿಯ ಟಂಟಂ ಆಟೋ ಹತ್ತಿದ.

ತಂಗಿ ಈಗ ಆ ಎರಡು ಕೋಣೆಗಳಲ್ಲಿದ್ದಾಳೆ. ನೋಡಲು ಹೋಗಬೇಕು ಅಂದುಕೊಳ್ಳುತ್ತೇನೆ. ಬನಹಟ್ಟಿ ಬಸ್ಸು ಹತ್ತಲು ಮನಸ್ಸೇ ಬರುವುದಿಲ್ಲ. ಅವಳೇ ಬಂದು ಹೋಗುತ್ತಾಳೆ.