ನಾನು ಬೆಂಚು ಬಿಟ್ಟು ಓಡಿದ ದಿನ

ಕೋವಿಡ್ ಮುಗಿದ ಎರಡನೆಯ ಬೇಸಿಗೆ. ಅಮೆರಿಕದ ಮೆಟುಚೆನ್ ಊರಿನ ಹತ್ತಿರದ ಒಂದು ಸೆಮಿ-ಪ್ರೊ ಫುಟ್‌ಬಾಲ್ ಕ್ಲಬ್ಬಿನಲ್ಲಿ ನಾನು ಆಗ ಅಥ್ಲೆಟಿಕ್ ಟ್ರೈನರ್. ವ್ಯಾಯಾಮ ಹೇಳಿಕೊಡುವವಳು ಎಂದುಕೊಳ್ಳಬೇಡಿ. ಪಂದ್ಯದಲ್ಲಿ ಪೆಟ್ಟಾದವರನ್ನು ನೋಡಿ, ಯಾರು ಆಡಬಹುದು, ಯಾರು ಆಸ್ಪತ್ರೆಗೆ ಹೋಗಬೇಕು ಎಂದು ನಿರ್ಧರಿಸುವ ಕೆಲಸ. ಯಾರ ಮಂಡಿ ಊದಿದೆ, ಯಾರು ನಿದ್ದೆಗೆಟ್ಟಿದ್ದಾರೆ ಎಂಬುದೆಲ್ಲ ನನ್ನ ನೋಟ್‌ಬುಕ್ಕಿನಲ್ಲಿ ದಿನಾ ಏರುತ್ತಿತ್ತು.

ನಮ್ಮ ಕೋಚ್ ಯಾನೆಜ್, ಸ್ಲೊವೇನಿಯಾದವರು. ಆ ದೇಶದ ತಂಡದಲ್ಲಿ ಮಿಡ್‌ಫೀಲ್ಡರ್ ಆಗಿ ಎಂಟು ವರ್ಷ ಆಡಿದ್ದರು. ಮೈದಾನದ ನಡುವೆ ನಿಂತು ಎದುರಾಳಿಯ ದಾಳಿಯನ್ನು ಮುರಿಯುವುದು ಅವರ ಪಾಲಿನ ಕೆಲಸ. ಮೂಗು ಮೂರು ಸಲ ಮುರಿದಿತ್ತು, ಎಡ ಮಂಡಿಯಲ್ಲಿ ಸ್ಕ್ರೂ ಇತ್ತು. ಕೊನೆಯ ಎರಡು ಸೀಸನ್ ಅಮೆರಿಕದಲ್ಲಿ ಆಡಿ, ಇಲ್ಲಿಯೇ ಉಳಿದು ಕೋಚ್ ಆದರು. ಪಾಠವೂ ಅದೇ ಬಗೆಯದು. ಮೊಣಕೈ ಎತ್ತಿ ತೋರಿಸಿ, "ಚೆಂಡು ಬರೋಕೆ ಮುಂಚೆ ಇದು ಅವನ ಪಕ್ಕೇಲಿರಬೇಕು" ಎನ್ನುತ್ತಿದ್ದರು. ಆ ಮೊಣಕೈಯ ಕಾರಣಕ್ಕೆ ನಮ್ಮಿಬ್ಬರಿಗೆ ವಾರಕ್ಕೊಂದು ಜಗಳ.

ಅಂದು ಸೀಸನ್ನಿನ ಕೊನೆಯ ಪಂದ್ಯ, ನಮ್ಮದೇ ಮೈದಾನ. ಗೆದ್ದರೆ ಮೇಲಿನ ಡಿವಿಷನ್. ಒಂದು ಗೋಲಿನಿಂದ ಮುಂದಿದ್ದೆವು. ಎಪ್ಪತ್ತೊಂದನೆಯ ನಿಮಿಷದಲ್ಲಿ ಎದುರಾಳಿಯೊಬ್ಬ ನಮ್ಮ ಡಿಫೆಂಡರ್‌ನ ಹಿಮ್ಮಡಿಯನ್ನು ಬೂಟಿನಿಂದ ತುಳಿದ. ಬಿದ್ದವನು ಎದ್ದವನೇ ಅವನ ಮುಖಕ್ಕೆ ತಲೆಯಿಂದ ಗುದ್ದಿದ. ಮುಂದಿನ ಮೂರು ನಿಮಿಷ ಅಲ್ಲಿ ಆಟ ಎಂಬುದೇ ಇರಲಿಲ್ಲ. ಎರಡೂ ಬೆಂಚು ಖಾಲಿ. ಕಾರ್ನರ್ ಬಾವುಟದ ಕೋಲು ಕಿತ್ತು ಒಬ್ಬ ಬೀಸುತ್ತಿದ್ದ. ನೆಲಕ್ಕೆ ಬಿದ್ದವನ ಹೊಟ್ಟೆಗೆ ಇನ್ನೊಬ್ಬ ಬೂಟುಗಾಲಿನಿಂದ ಒದೆಯುತ್ತಿದ್ದ. ಜಗಳ ನಮ್ಮ ಬೆಂಚಿನವರೆಗೂ ಬಂದಿತ್ತು. ಬಿಡಿಸಲು ನುಗ್ಗಿದ ಯಾನೆಜ್ ಅವರ ಕಪಾಳಕ್ಕೆ ಯಾರದೋ ಮೊಣಕೈ ಬಡಿಯಿತು. ಹಿಮ್ಮುಖವಾಗಿ ಬಿದ್ದರು, ತಲೆ ಅಲ್ಯೂಮಿನಿಯಂ ಬೆಂಚಿನ ಅಂಚಿಗೆ ತಗುಲಿತು. ಆದರೆ ಕೂಡಲೇ ಎದ್ದು ನಿಂತರು.

ನನ್ನ ತಪ್ಪು ಆದದ್ದು ಅಲ್ಲಿಯೇ. ಒಬ್ಬನ ತುಟಿ ಸೀಳಿತ್ತು, ಒಬ್ಬನ ಹಲ್ಲು ಹುಲ್ಲಿನ ಮೇಲಿತ್ತು, ಇನ್ನೊಬ್ಬನ ಹುಬ್ಬು ಬಿರಿದು ರಕ್ತ ಕಣ್ಣಿಗಿಳಿಯುತ್ತಿತ್ತು. ನಾನು ರಕ್ತದ ಕಡೆಗೆ ಓಡಿದೆ.

ಹೊಡೆದಾಟದೊಳಕ್ಕೆ ನುಗ್ಗಿದರೆಂದು ರೆಫರಿ ಕೋಚ್‌ಗೂ ರೆಡ್ ಕಾರ್ಡ್ ತೋರಿಸಿದ. ಕಾರ್ಡ್ ಪಡೆದ ಕೋಚ್ ಮೈದಾನದಿಂದ ಕಣ್ಮರೆಯಾಗಬೇಕು. ಯಾನೆಜ್ ಮರುಮಾತಿಲ್ಲದೆ ಪಾರ್ಕಿಂಗ್ ಕಡೆಗೆ ನಡೆದರು. ಹುಬ್ಬಿಗೆ ಗಾಜ್ ಬಟ್ಟೆ ಒತ್ತುತ್ತಿದ್ದ ನನ್ನ ಕೈ ಅಲ್ಲಿಯೇ ನಿಂತಿತು. ಹಳದಿ ಕಾರ್ಡಿಗೇ ನೀರಿನ ಬಾಟಲಿ ಎಸೆಯುವ ಮನುಷ್ಯ ಕೆಂಪಿಗೆ ಸುಮ್ಮನೆ ಹೋದರೇ? ನೋಡಿದರೆ, ಬೇಲಿ ಹಿಡಿದುಕೊಂಡು ಹೆಜ್ಜೆ ಇಡುತ್ತಿದ್ದರು.

ಕಿಟ್ ಎತ್ತಿಕೊಂಡೆ. ಟೀಮ್ ಮ್ಯಾನೇಜರ್ ಶ್ರೀಧರ್ ಅಡ್ಡ ಬಂದರು. ವೆಸ್ಟ್ ವಿಂಡ್ಸರ್‌ನಲ್ಲಿ ನೆಲೆಸಿದ್ದ ಧಾರವಾಡದವರು.

"ಎಲ್ಲಿ ಹೊಂಟೀರಿ ಅಕ್ಕಾರ? ನೀವು ಇಲ್ಲಂದ್ರ ರೆಫರಿ ಮ್ಯಾಚ್ ಶುರು ಮಾಡಂಗಿಲ್ರಿ! ಹತ್ತು ನಿಮಿಷ ಕಾಯ್ತಾನ, ಆಮ್ಯಾಲೆ ನಾವು ಸೋತಂಗ!"

"ಕೋಚ್ ತಲೆಗೆ ಪೆಟ್ಟು ಬಿದ್ದಿದೆ ಶ್ರೀಧರ್."

"ಆ ತಲಿಗೇನಾಗ್ತದರಿ! ಕಲ್ಲದು, ಕಲ್ಲು!"

ನಾನು ಓಡಿದೆ.

ಅವರ ಪಿಕಪ್ ಟ್ರಕ್ಕಿನ ಇಂಜಿನ್ ಶುರುವಾಗಿತ್ತು. ಬಾಗಿಲು ಎಳೆದೆ. ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು. ಬುರುಡೆಯೊಳಗೆ ರಕ್ತ ಸೇರಿ ಮಿದುಳನ್ನು ಒತ್ತುತ್ತಿದೆ ಎಂಬುದರ ಗುರುತು ಅದು. "ಮಾರಿಬೋರ್ ಬಸ್ ಹೊರಟಿತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಾರಿಬೋರ್ ಅವರ ದೇಶದ ಊರು. ಈ ಸ್ಥಿತಿಯಲ್ಲಿ ಹೈವೇಗೆ ಇಳಿದರೆ ಇವರ ಜೊತೆಗೆ ಇನ್ಯಾರು ಸಾಯುತ್ತಾರೋ. ಕೈ ಚಾಚಿ ಕೀಲಿ ತಿರುಗಿಸಿ ಎಳೆದುಕೊಂಡೆ. ಅವರು ನನ್ನ ಮಣಿಕಟ್ಟು ಹಿಡಿದು ತಿರುಚಿದರು. ಒಳಗೆ ಕಡ್ಡಿ ಮುರಿದಂಥ ಸದ್ದು ನನಗೇ ಕೇಳಿಸಿತು. ಇನ್ನೊಂದು ಕೈಯಿಂದ ಭುಜಕ್ಕೆ ಗುದ್ದಿದರು, ಮತ್ತೆ ಗುದ್ದಿದರು. ಕೀಲಿಯನ್ನು ಬೇಲಿಯಾಚೆ ಎಸೆದೆ. ಏನೋ ಕೂಗಲು ಬಾಯಿ ತೆರೆದವರು ವಾಂತಿ ಮಾಡಿಕೊಂಡು ಸ್ಟಿಯರಿಂಗ್ ಮೇಲೆ ಕುಸಿದರು. ೯೧೧ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಅವರ ತಲೆ, ಕುತ್ತಿಗೆ ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಮುರಿದ ಕೈಯಲ್ಲೂ.

ಅಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು. ಪಂದ್ಯ ಎದುರಾಳಿಗೆ ಹೋಯಿತು, ಮೇಲಿನ ಡಿವಿಷನ್ನೂ ಹೋಯಿತು. ಪಕ್ಕದ ಎಡಿಸನ್ ಊರಿನಲ್ಲೇ ಹುಟ್ಟಿ ಬೆಳೆದ ನಮ್ಮ ಕ್ಯಾಪ್ಟನ್ ರೋಹನ್ ಐಸ್ ಡಬ್ಬಿಯನ್ನು ಒದ್ದು ಉರುಳಿಸಿದ. "ಯೂ ಕಾಸ್ಟ್ ಅಸ್ ದಿ ಸೀಸನ್, ಆಂಟಿ!"

ಆ ಸಂಜೆಯೇ ಆಸ್ಪತ್ರೆಯಲ್ಲಿ ಯಾನೆಜ್ ಅವರ ತಲೆಬುರುಡೆ ಕೊರೆದು ರಕ್ತ ತೆಗೆದರು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಸರ್ಜನ್. ಹನ್ನೆರಡನೆಯ ದಿನ ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ನೋಡಲು ಹೋದೆ. ಬೋಳಿಸಿದ ತಲೆ, ಹೊಲಿಗೆಯ ಬದಲು ಸಾಲು ಸ್ಟೇಪಲ್ಸ್. ಥ್ಯಾಂಕ್ಸ್ ಹೇಳುವ ಜಾಯಮಾನದವರಲ್ಲ.

"ಬೆಂಚು ಬಿಟ್ಟು ಬಂದೆಯಂತೆ?"

"ಬಂದೆ."

"ಬುದ್ಧಿ ಇಲ್ಲವಾ? ನನ್ನ ಹುಡುಗರು ಅಲ್ಲಿ ರಕ್ತ ಸುರಿಸ್ತಾ ಇದ್ದರು."

"ರಕ್ತ ಸುರಿಸ್ತಾ ರೆಫರಿಯನ್ನ ಬೈತಾ ಇದ್ದರು. ಬೈಯದೇ ಇದ್ದವರು ನೀವೊಬ್ಬರೇ."

ಒಂದು ಕ್ಷಣ ದುರುಗುಟ್ಟಿ ನೋಡಿದರು. ಆಮೇಲೆ ನಗು ಬಂತು. ನಕ್ಕರೆ ಸ್ಟೇಪಲ್ಸ್ ಎಳೆಯುತ್ತಿತ್ತು, ತಲೆ ಹಿಡಿದುಕೊಂಡು ಸ್ಲೊವೇನಿಯನ್ ಭಾಷೆಯಲ್ಲಿ ಉದ್ದಕ್ಕೆ ಬೈದರು. ಅರ್ಥವಾಗಲಿಲ್ಲ. ಕಿವಿಗೆ ಹಿತವಾಗಿತ್ತು.

ಈಗಲೂ ಮೈದಾನದಲ್ಲಿ ಹೊಡೆದಾಟವಾದಾಗ ನಾನು ರಕ್ತದ ಕಡೆಗೆ ಮೊದಲು ಓಡುವುದಿಲ್ಲ. ಉಸಿರಾಟ ಸರಿಯಿದ್ದು ಅರಚಾಡುವವನು ಒಂದು ನಿಮಿಷ ಕಾಯಬಲ್ಲ. ಸದಾ ಕೂಗಾಡುವವರಲ್ಲಿ ಇವತ್ತು ಯಾರು ಸುಮ್ಮನಿದ್ದಾರೆ ಎಂದು ಮೊದಲು ನೋಡುತ್ತೇನೆ.